ಕಾರಣದ ಖಾನೆ

ನಮ್ಮ ಶೆಡ್ಡಿನಲ್ಲಿ ನಲವತ್ತು ಹೆಂಗಸರು ಪೊಲೀಸರ ಯೂನಿಫಾರ್ಮ್ ಹೊಲಿಯುತ್ತೇವೆ. ತಗಡಿನ ಮಾಡು, ಎರಡು ಫ್ಯಾನು, ಅದರಲ್ಲಿ ಒಂದು ತಿರುಗುವುದಿಲ್ಲ. ಸೂಜಿ ಚುಚ್ಚಿ ಚುಚ್ಚಿ ನನ್ನ ಎಡಗೈ ಹೆಬ್ಬೆರಳಿಗೆ ಈಗ ನೋವೇ ಗೊತ್ತಾಗುವುದಿಲ್ಲ. ಊರಿನ ಯಾವ ಪೊಲೀಸನ ಸೊಂಟ ಎಷ್ಟು ಇಂಚು ಬೆಳೆಯಿತು ಎಂಬುದು ಅವನ ಹೆಂಡತಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಅದೇ ಪೊಲೀಸರು ದಿನಾ ಬೆಳಿಗ್ಗೆ ಸೇತುವೆಯ ಹತ್ತಿರ ನಮ್ಮನ್ನು ನಿಲ್ಲಿಸಿ, "ನೀನ್ಯಾರು?" ಎಂದು ಕೇಳುತ್ತಾರೆ.

ಸೇತುವೆಯ ಚೌಕಿ ಇರುವುದು ದೇಶದ ಭದ್ರತೆಗಂತೆ. ಮುಂದಿನ ಬೀದಿಯವರ ಕಾರು ಬಂದರೆ ಸಲಾಮು. ಹಿಂದಿನ ಬೀದಿಯವರಾದ ನಮಗೆ ತಪಾಸಣೆ. ಎರಡು ವರ್ಷದಿಂದ ನನ್ನ ಊಟದ ಡಬ್ಬಿ ಮೂಸಿ ಮೂಸಿ ದೇಶ ಕಾಪಾಡಿದ್ದಾರೆ.

"ಡಬ್ಬೀಲಿ ಏನು?"

"ಅನ್ನ ಸಾರ್."

"ನಿನ್ನೇನೂ ಅನ್ನಾನೇ ಇತ್ತಲ್ಲ?"

"ನಿನ್ನೇನೂ ಹಸಿವಾಗಿತ್ತು ಸಾರ್."

ಆಮೇಲೆ ಚೌಕಿಯ ದಫೇದಾರ ಪುಸ್ತಕ ತೆಗೆದು ಹೆಸರು ಬರೆಯುತ್ತಾನೆ, ಹೊತ್ತು ಬರೆಯುತ್ತಾನೆ, 'ಏನೂ ಸಿಗಲಿಲ್ಲ' ಎಂದು ಬರೆಯುತ್ತಾನೆ. ತಡೆದದ್ದು ಯಾಕೆ ಎಂದು ಬರೆಯಲು 'ಕಾರಣ' ಎಂಬ ಖಾನೆಯೂ ಇದೆ. ಅದನ್ನು ಮಾತ್ರ ಖಾಲಿ ಬಿಡುತ್ತಾನೆ.

ನನ್ನ ಅಕ್ಕನ ಮಗಳೂ ಇದೇ ಶೆಡ್ಡಿನಲ್ಲಿ ಗುಂಡಿ ಹಾಕುತ್ತಾಳೆ. ಎಲ್ಲರೂ ಅವಳನ್ನು ಕುದುರೆ ಅನ್ನುತ್ತಾರೆ. ಚೌಕಿಯಲ್ಲಿ ಹೊತ್ತಾಗುತ್ತದೆ, ಶೆಡ್ಡಿನ ಗೇಟು ಎಂಟಕ್ಕೆ ಮುಚ್ಚುತ್ತದೆ, ಹಾಗಾಗಿ ದಿನಾ ಓಡಿ ಓಡಿ ಅವಳ ಕಾಲು ಹಾಗೆ ಪಳಗಿದೆ. ಪೊಲೀಸ್ ಕೆಲಸಕ್ಕೆ 'ಎಲ್ಲ ಬೀದಿಯವರೂ ಬನ್ನಿ' ಎಂಬ ಜಾಹೀರಾತು ಬಂದಾಗ ನಾವೆಲ್ಲ ಅವಳನ್ನು ತಳ್ಳಿಕೊಂಡೇ ಹೋದೆವು. ಓಟದಲ್ಲಿ ಮೊದಲು ಬಂದಳು. ಎರಡನೆಯವಳು ಇನ್ನೂ ತಿರುವಿನಲ್ಲಿದ್ದಳು. ಪೊಲೀಸ್ ಕೆಲಸಕ್ಕೆ ಪೊಲೀಸರೇ ಪುಕ್ಕಟೆ ತರಬೇತಿ ಕೊಟ್ಟಿದ್ದಾರೆ ಎಂದು ನಾವು ಕುಣಿದಾಡಿದೆವು.

ಆಮೇಲೆ ಎತ್ತರ ಅಳೆಯುವ ಸಾಲು. ಠಾಣೆಯ ಸಾಹೇಬರು ಟೇಪು ಹಿಡಿದು ಎರಡು ಹೆಜ್ಜೆ ಮುಂದೆ ಬಂದರು, ಅಷ್ಟೇ. ಕುದುರೆ ಎರಡೂ ಕೈ ಮೇಲೆತ್ತಿದಳು, ಕಾಲು ಅಗಲಿಸಿದಳು, ಚಪ್ಪಲಿ ಬಿಟ್ಟು ಮಗುಚಿ ತೋರಿಸಿದಳು. ಯಾರೂ ಕೇಳಿರಲಿಲ್ಲ. ಇಡೀ ಮೈದಾನ ಗೊಳ್ಳೆಂದಿತು. ಬುದ್ಧಿಗೇಡಿಗಳು ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಸಾಹೇಬರು ಮಾತ್ರ ನಗಲಿಲ್ಲ.

"ಕೈ ಯಾಕಮ್ಮಾ ಎತ್ತಿದೆ?"

"ಅಭ್ಯಾಸ ಸಾರ್."

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು," ಎಂದು ಅವರು ಕಾಗದದಲ್ಲಿ ಏನೋ ಬರೆದುಕೊಂಡರು.

ಎರಡು ವಾರಕ್ಕೆ ಪತ್ರ ಬಂತು. 'ಒಂದು ವರ್ಷದಲ್ಲಿ ಇನ್ನೂರ ಹನ್ನೊಂದು ಸಲ ಅನುಮಾನದ ಮೇಲೆ ತಡೆಯಲಾಗಿದೆ. ಅರ್ಹಳಲ್ಲ. ಆಕ್ಷೇಪಣೆ ಇದ್ದರೆ ಮೂರು ದಿನದೊಳಗೆ ಸಾಕ್ಷಿ ಸಮೇತ ಹಾಜರಾಗುವುದು.' ಕುದುರೆ ಅದನ್ನು ಓದಿ ಸುಮ್ಮನೆ ಕುಳಿತಳು. ಅವಳು ಸುಮ್ಮನೆ ಕುಳಿತದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವಳ ಕೈ ಹಿಡಿದು ಠಾಣೆಗೆ ಎಳೆದುಕೊಂಡು ಹೋದೆ.

"ಬೆಂಕಿ ಇಲ್ದೆ ಹೊಗೆ ಬರುತ್ತೇನಮ್ಮಾ?" ಎಂದರು ಸಾಹೇಬರು.

"ಹೊಗೆ ಹಾಕಿದ್ದು ನೀವೇ ಅಲ್ವಾ ಸಾರ್? ಇನ್ನೂರ ಹನ್ನೊಂದು ಸಲಾನೂ ಏನೂ ಸಿಕ್ಕಿಲ್ಲ."

"ಸಿಗದಿದ್ರೂ ತಡೆದಿದಾರೆ ಅಂದ್ರೆ ಏನೋ ಇರಬೇಕು. ಪೇಪರಲ್ಲಿ ಬಂದ ಊರಿನ ಸಮೀಕ್ಷೆ ನೋಡು. ನೂರಕ್ಕೆ ತೊಂಬತ್ತೆರಡು ಜನ, ಪೊಲೀಸರು ಭೇದ ಮಾಡಲ್ಲ ಅಂದಿದಾರೆ."

"ನಮ್ಮ ಬೀದೀಲಿ ಯಾರನ್ನೂ ಕೇಳ್ಲಿಲ್ವಲ್ಲ."

"ಅಲ್ಲಿ ಅಪಾಯ, ಹೋಗಬೇಡಿ ಅಂತ ಸಮೀಕ್ಷೆಯವರಿಗೆ ನಾವೇ ಹೇಳಿದ್ವಿ."

ನನಗೆ ತಡೆಯಲಾರದ ನಗು ಬಂತು. ಕುದುರೆಯೂ ನಕ್ಕಳು. ಇಬ್ಬರೂ ಠಾಣೆಯ ಮೆಟ್ಟಿಲ ಮೇಲೆ ಕುಳಿತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ ಅವಳು, "ಚಿಕ್ಕಮ್ಮಾ, ಆ ಖಾಲಿ ಖಾನೆ ತುಂಬಿಸಿದ್ರೆ ಅದೇ ಸಾಕ್ಷಿ," ಎಂದಳು.

ಮರುದಿನ ಬೆಳಿಗ್ಗೆ ನಲವತ್ತು ಜನವೂ ಚೌಕಿಯಲ್ಲಿ ಸಾಲು ನಿಂತೆವು.

"ನಮ್ಮ ತಪಾಸಣೆ ಮಾಡಿ ಸಾರ್. ಪುಸ್ತಕದಲ್ಲಿ ಕಾರಣಾನೂ ಬರೀರಿ."

ದಫೇದಾರ ಬೆವರು ಒರೆಸಿಕೊಂಡ. "ಇವತ್ತು ಯಾರನ್ನೂ ನಿಲ್ಸಲ್ಲ, ಹೋಗಿ."

"ದಿನಾ ನಿಲ್ಲಿಸ್ತಿದ್ರಿ, ಇವತ್ತೇನು ಮುನಿಸು?" ಎಂದಳು ಕಾಜ ಹೊಲಿಯುವ ಮುದುಕಿ. ನಗುವಿನ ಅಲೆ ಸಾಲಿನ ಕೊನೆಯವರೆಗೂ ಹೋಯಿತು. ನಾವು ಜಗ್ಗಲಿಲ್ಲ. ಹಿಂದೆ ಕಾರುಗಳು ನಿಂತವು, ಹಾರ್ನ್‌ಗಳು ಕಿವಿ ಕಿತ್ತುಹೋಗುವಂತೆ ಹೊಡೆದುಕೊಂಡವು. ಮುಂದಿನ ಬೀದಿಯ ನಿವೃತ್ತ ಮೇಷ್ಟ್ರು ಕಾರಿನಿಂದ ಇಳಿದು ಬಂದರು. ತಪ್ಪು ಮಾಡದವರಿಗೆ ತಪಾಸಣೆಯ ಭಯ ಯಾಕೆ ಎಂದು ಸಮೀಕ್ಷೆಯವರಿಗೆ ಹೇಳಿ ಪೇಪರಿನಲ್ಲಿ ಫೋಟೋ ಹಾಕಿಸಿಕೊಂಡವರು ಇವರೇ.

"ನನ್ನನ್ಯಾಕಯ್ಯಾ ನಿಲ್ಲಿಸಿದೀಯ? ಏನು ಕಾರಣ?"

"ನಮ್ಮದೂ ಅದೇ ಪ್ರಶ್ನೆ ಮೇಷ್ಟ್ರೇ," ಎಂದೆ ನಾನು.

ಮೇಷ್ಟ್ರು ದಫೇದಾರನ ಪುಸ್ತಕದ ಕಡೆ ಬಗ್ಗಿದರು. ಕಾರಿನವರೆಲ್ಲ ಇಳಿದು ಬಂದು ಕತ್ತು ಉದ್ದ ಮಾಡಿ ನೋಡತೊಡಗಿದರು. ದಫೇದಾರ ಆಚೀಚೆ ನೋಡಿದ, ಪುಸ್ತಕ ಬಿಡಿಸಿದ, ಮುದುಕಿಯ ಹೆಸರಿನ ಮುಂದೆ ಬರೆದ.

ಕುದುರೆ ಎಲ್ಲರಿಗೂ ಕೇಳುವಂತೆ ಓದಿದಳು. "ಕಾರಣ, ಹಿಂದಿನ ಬೀದಿ."

"ನಮಗೆ ಮೇಲಿಂದ ಹೇಳಿರೋದು ಅಷ್ಟೇ ತಾಯಿ," ಎಂದ ದಫೇದಾರ ತಲೆ ತಗ್ಗಿಸಿ.

ಹಾರ್ನ್‌ಗಳು ಒಂದೊಂದಾಗಿ ನಿಂತವು. ಕುದುರೆ ಆ ಹಾಳೆಯ ಫೋಟೋ ತೆಗೆದುಕೊಂಡಳು. ನಮ್ಮ ನಲವತ್ತು ಹೆಸರಿನ ಮುಂದೂ ಅದೇ ಎರಡು ಪದ ಬರೆಸಿಕೊಂಡಳು. ಆಮೇಲೆ ತಾನೇ ಪುಸ್ತಕದ ಹಾಳೆಗಳನ್ನು ಹಿಂದಕ್ಕೆ ಮಗುಚುತ್ತಾ ಮಗುಚುತ್ತಾ ತನ್ನ ಹೆಸರು ಮೊದಲು ಬಂದ ಪುಟ ತೆರೆದು, ಅವನ ಮುಂದೆ ಇಟ್ಟಳು.

"ಇನ್ನು ಈ ಇನ್ನೂರ ಹನ್ನೊಂದಕ್ಕೂ ಬರೀರಿ ಸಾರ್. ನಾವೆಲ್ಲ ಕಾಯ್ತೀವಿ."