ನಗಿಸಿದ್ದಕ್ಕೆ ಒಂದು ಅಂಕ

ಶನಿವಾರ ಬೆಳಗಿನ ಶಾಲೆ ಬಿಡುವ ಮುಂಚಿನ ಅರ್ಧ ಗಂಟೆ ಗಂಗಾಧರಪ್ಪ ಮೇಷ್ಟರದು. ಭದ್ರಾವತಿಯ ಆ ಪ್ರೌಢಶಾಲೆಗೆ ಅವರು ಬಂದಾಗಿನಿಂದಲೂ ಅದು ಹಾಗೆಯೇ ನಡೆದುಬಂದಿದೆ. ಹತ್ತನೇ ತರಗತಿಗೆ ಸಾಮಾನ್ಯ ಜ್ಞಾನದ ಹತ್ತು ಪ್ರಶ್ನೆ, ಹತ್ತು ಅಂಕ. ಪಠ್ಯಪುಸ್ತಕದಲ್ಲಿ ಇರುವುದನ್ನು ಅವರು ಕೇಳುವುದಿಲ್ಲ. ಪುಸ್ತಕದ್ದನ್ನು ಗಿಳಿಪಾಠ ಒಪ್ಪಿಸಬಹುದು, ಮಕ್ಕಳಿಗೆ ಲೋಕದ ಅರಿವು ಇದೆಯೋ ಇಲ್ಲವೋ ನೋಡಬೇಕು ಎನ್ನುವುದು ಅವರ ವಾದ. ನೋಡಿದಾಗಲೆಲ್ಲ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಭದ್ರಾ ನದಿ ಎಲ್ಲಿ ಹುಟ್ಟುತ್ತದೆ ಎಂದರೆ ಡ್ಯಾಮಿನಲ್ಲಿ ಎಂದು ಬರೆಯುವ ಮಕ್ಕಳು. ಅಜ್ಜ, ಅಪ್ಪ ಇಬ್ಬರೂ ಕಾರ್ಖಾನೆಯಲ್ಲಿ ಬೆವರು ಸುರಿಸಿದ ಮನೆಯ ಹುಡುಗನೊಬ್ಬ, ಉಕ್ಕನ್ನು ಯಾವುದರಿಂದ ತಯಾರಿಸುತ್ತಾರೆ ಎಂಬ ಪ್ರಶ್ನೆಗೆ ‘ಮಿಷನ್ನಿನಿಂದ’ ಎಂದು ಬರೆದಿದ್ದ.

ಇಂಥ ಉತ್ತರ ಸಿಕ್ಕಿದ ಕೂಡಲೇ ಮೇಷ್ಟರು ಅದರ ಫೋಟೊ ತೆಗೆಯುತ್ತಿದ್ದರು. ಮಗುವಿನ ಹೆಸರು ಕಾಣದಂತೆ ಹೆಬ್ಬೆರಳು ಅಡ್ಡ ಇಟ್ಟು, ‘ಆಣಿಮುತ್ತು’ ಎಂಬ ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದರು. ಶಿವಮೊಗ್ಗ, ಭದ್ರಾವತಿ, ಆಯನೂರು, ಹೊಳೆಹೊನ್ನೂರು ಕಡೆಯ ನೂರಕ್ಕೂ ಹೆಚ್ಚು ಶಿಕ್ಷಕರು ಅದರಲ್ಲಿದ್ದರು. ಎಲ್ಲರೂ ತಂತಮ್ಮ ಶಾಲೆಯ ಮುತ್ತುಗಳನ್ನು ತಂದು ಸುರಿಯುವವರೇ. ಆದರೆ ಗಂಗಾಧರಪ್ಪನವರ ಶನಿವಾರದ ಮುತ್ತಿಗೆ ಬರುತ್ತಿದ್ದಷ್ಟು ನಗು ಬೇರೆ ಯಾರದಕ್ಕೂ ಬರುತ್ತಿರಲಿಲ್ಲ. ದಿನವಿಡೀ ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುವವರಿಗೆ ಒಂದು ಗಳಿಗೆಯ ನಗು ಬೇಡವೇ? ಬೇಕು, ಖಂಡಿತ ಬೇಕು. ನಕ್ಕಿದ್ದನ್ನು ಯಾರೂ ತಪ್ಪೆನ್ನುವುದಿಲ್ಲ. ನಕ್ಕು ಅಲ್ಲಿಗೇ ಕೈತೊಳೆದುಕೊಳ್ಳುತ್ತಿದ್ದರಲ್ಲ, ಅದು ತಪ್ಪು.

ಅವರಿಗೆ ಇನ್ನೊಂದು ರೂಢಿಯಿತ್ತು. ಉತ್ತರ ಎಷ್ಟೇ ತಪ್ಪಿರಲಿ, ಓದುತ್ತ ಓದುತ್ತ ಅವರಿಗೆ ನಗು ತಡೆಯಲಾಗದಿದ್ದರೆ ಆ ಮಗುವಿಗೆ ಒಂದು ಅಂಕ ಕೊಟ್ಟುಬಿಡುತ್ತಿದ್ದರು. ವಾರದ ಪರೀಕ್ಷೆ, ಎಲ್ಲಿಯೂ ಲೆಕ್ಕಕ್ಕಿಲ್ಲದ ಅಂಕ, ಪಾಪದ ಮಕ್ಕಳು, ಹೋಗಲಿ ಎಂಬ ಉದಾರತೆ. ಮಕ್ಕಳಿಗೆ ಅದನ್ನು ಹೇಳಿರಲಿಲ್ಲ. ಸೋಮವಾರ ಪೇಪರುಗಳನ್ನು ಹಂಚಿ ಪಾಠ ಶುರುಮಾಡುತ್ತಿದ್ದರು. ಸರಿಯುತ್ತರಗಳನ್ನು ಬೋರ್ಡಿನ ಮೇಲೆ ಬರೆಯಲು ಹೊತ್ತು ಸಿಗುತ್ತಿರಲಿಲ್ಲ, ಸಿಲಬಸ್ ಮುಗಿಯಬೇಕಿತ್ತು.

ಆ ಜುಲೈನಲ್ಲಿ ಅವರು ಕೇಳಿದ ಒಂಬತ್ತನೆಯ ಪ್ರಶ್ನೆ, ಹಾವು ಕಚ್ಚಿದಾಗ ಏನು ಮಾಡಬೇಕು ಎಂಬುದು. ಹೊಳೆಹೊನ್ನೂರು ಕಡೆಯ ಹಳ್ಳಿಯೊಂದರಿಂದ ಬಸ್ಸಿನಲ್ಲಿ ಬರುತ್ತಿದ್ದ ಕವನ ಎಂಬ ಹುಡುಗಿ ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದ್ದಳು: ‘ಕಚ್ಚಿದ ಜಾಗದ ಮೇಲೆ ಹಗ್ಗದಿಂದ ಬಿಗಿಯಾಗಿ ಕಟ್ಟಬೇಕು. ಎಷ್ಟೇ ನೋವಾದರೂ ಬಿಚ್ಚಬಾರದು. ಬಿಚ್ಚಿದರೆ ವಿಷ ತಲೆಗೆ ಏರುತ್ತದೆ. ನಾಟಿ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಆಮೇಲೆ ಹಾವಿಗೆ ಸಾರಿ ಕೇಳಬೇಕು.’ ಕೊನೆಯ ಸಾಲಿಗೆ ಗಂಗಾಧರಪ್ಪ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪಕ್ಕದಲ್ಲಿದ್ದ ಗಣಿತದ ರುದ್ರೇಶ್‌ಗೂ ಓದಿ ಹೇಳಿದರು. ಫೋಟೊ ಗ್ರೂಪಿಗೆ ಹೋಯಿತು, ಉತ್ತರದ ಪಕ್ಕ ಕೆಂಪು ಶಾಯಿಯಲ್ಲಿ ಒಂದು ಅಂಕ ಬಿತ್ತು.

ಆಗಸ್ಟ್ ಕೊನೆಯಲ್ಲಿ ಕವನ ಒಂದು ವಾರ ಶಾಲೆಗೆ ಬರಲಿಲ್ಲ. ಎರಡನೆಯ ವಾರವೂ ಬಾರದಿದ್ದಾಗ ಗಂಗಾಧರಪ್ಪ ಅದೇ ಊರಿನ ಸಮತಾಳನ್ನು ಸ್ಟಾಫ್ ರೂಮಿಗೆ ಕರೆಸಿ ಕೇಳಿದರು. ಆ ಹುಡುಗಿ ನೆಲ ನೋಡುತ್ತ ಹೇಳಿದ ಸುದ್ದಿ ಇದು. ಕವನಳ ತಾಯಿ ಹುಲಿಗೆಮ್ಮ ಕೂಲಿಗೆ ಹೋದವಳು ಗದ್ದೆಯಲ್ಲಿ ಕಳೆ ಕೀಳುತ್ತಿದ್ದಾಗ ಹಾವು ಬಲಗೈಗೆ ಕಚ್ಚಿತು. ಅವತ್ತು ರಜೆಯಾದ್ದರಿಂದ ಕವನಳೂ ಜೊತೆಗಿದ್ದಳು. ಓಡಿಹೋಗಿ ನೈಲಾನ್ ಹಗ್ಗ ತಂದು ಮೊಣಕೈ ಕೆಳಗೆ ಬಿಗಿದು ಕಟ್ಟಿದವಳು ಅವಳೇ. ನಾಟಿ ವೈದ್ಯನ ಮನೆಗೆ ಹೋದರೆ ಆತ ಊರಲ್ಲಿರಲಿಲ್ಲ, ಬರುತ್ತಾನೆಂದು ಜಗಲಿಯ ಮೇಲೆ ಕಾದರು. ಕೈ ಕಪ್ಪಿಡುತ್ತಿದೆ, ಹಗ್ಗ ಸಡಿಲ ಮಾಡಿ ಎಂದು ಗದ್ದೆಯಿಂದ ಜೊತೆಗೆ ಬಂದಿದ್ದ ಕೂಲಿಯಾಳು ಹಾಲಮ್ಮ ಬಡಕೊಂಡಳು. ಹುಲಿಗೆಮ್ಮನೂ ತಾಳಲಾರದೆ ಅತ್ತಳು. ಕವನ ಬಿಚ್ಚಲು ಬಿಡಲಿಲ್ಲ. ಅಪ್ಪ ಪುಟ್ಟಪ್ಪ ಓದು ಬಾರದ ಮನುಷ್ಯ, ಮಗಳು ಓದಿದವಳು, ಅವಳ ಮಾತೇ ನಡೆಯಲಿ ಎಂದ. ಬೆಳಿಗ್ಗೆ ಕಟ್ಟಿದ ಹಗ್ಗವನ್ನು ಮಧ್ಯಾಹ್ನ ಕಳೆದ ಮೇಲೆ ಶಿವಮೊಗ್ಗದ ದೊಡ್ಡಾಸ್ಪತ್ರೆಯಲ್ಲಿ ಬಿಚ್ಚಿದರು. ರಕ್ತ ಪರೀಕ್ಷೆ ಮಾಡಿದರೆ ವಿಷವೇ ಇರಲಿಲ್ಲ. ಕಚ್ಚಿದ್ದು ಬಹುಶಃ ಕೇರೆಹಾವು. ಆದರೆ ರಕ್ತ ಓಡಾಡದೆ ಕೈ ಸತ್ತಿತ್ತು. ಐದನೆಯ ದಿನ ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದರು.

ಅವತ್ತಿನಿಂದ ಪುಟ್ಟಪ್ಪ ಮಗಳ ಹತ್ತಿರ ಒಂದೇ ಒಂದು ಮಾತಾಡಿಲ್ಲವಂತೆ. ಓದಿದ್ದು ಸಾಕು, ಇನ್ನು ಶಾಲೆ ಬೇಡ ಎಂದು ಊರವರ ಮುಂದೆ ಹೇಳಿದ್ದಾನಂತೆ. ಕವನ ಊಟ ಬಿಟ್ಟಿದ್ದಾಳೆ, ಕೇಳಿದರೆ ಹಸಿವಿಲ್ಲ ಅಂತಾಳೆ ಸರ್ ಎಂದು ಸಮತಾ ಕಣ್ಣೊರೆಸಿಕೊಂಡಳು.

ಅವಳು ಹೋದ ಮೇಲೆ ಗಂಗಾಧರಪ್ಪ ಫೋನಿನಲ್ಲಿ ಜುಲೈನ ಆ ಫೋಟೊ ಹುಡುಕಿ ನೋಡಿದರು. ರುದ್ರೇಶ್‌ಗೆ ಅಲ್ಲೇ ಕೂತು ಕೇಳಿಸಿಕೊಂಡಿದ್ದರಿಂದ ಎಲ್ಲ ಅರ್ಥವಾಗಿತ್ತು. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು, ಹೋಗು ಬಾ ಎನ್ನುವಷ್ಟು ಸಲಿಗೆ. ರುದ್ರೇಶ್ ಬಾಗಿಲು ಮುಂದೆ ಮಾಡಿ ಬಂದು ದನಿ ತಗ್ಗಿಸಿ ಹೇಳಿದರು.

“ನೋಡು ಮಾರಾಯ, ಆ ಪೇಪರ್ ಈಗ ಯಾರ ಹತ್ರಾನೂ ಇರಲ್ಲ. ನೀನೇನು ಹಗ್ಗ ಕಟ್ಟು ಅಂತ ಹೇಳ್ಕೊಟ್ಟಿಲ್ಲ. ಇನ್ನು ಎಂಟು ತಿಂಗಳಿಗೆ ರಿಟೈರ್ ಆಗ್ತೀಯ. ಸುಮ್ನಿದ್ದುಬಿಡು.”

ಹೇಳಿಕೊಟ್ಟಿಲ್ಲ ಎನ್ನುವುದು ನಿಜವೇ. ಗಂಗಾಧರಪ್ಪ ಆ ಮಾತನ್ನು ಊರುಗೋಲಿನಂತೆ ಹಿಡಿದುಕೊಂಡು ಎರಡು ದಿನ ಓಡಾಡಿದರು. ಮೂರನೆಯ ದಿನ ರಜೆ ಬರೆದುಕೊಟ್ಟು ಶಿವಮೊಗ್ಗದ ಬಸ್ಸು ಹತ್ತಿದರು. ಹುಡುಗಿಗೆ ಸಮಾಧಾನ ಹೇಳಬೇಕು, ತಂದೆಗೆ ಬುದ್ಧಿ ಹೇಳಿ ಅವಳನ್ನು ಮತ್ತೆ ಶಾಲೆಗೆ ಕರೆತರಬೇಕು ಎಂದಷ್ಟೇ ಅಂದುಕೊಂಡು ಹೊರಟದ್ದು. ಉಳಿದದ್ದನ್ನು ಹೇಳಬೇಕೋ ಬೇಡವೋ ಎಂಬುದು ಬಸ್ಸು ಶಿವಮೊಗ್ಗದ ಹತ್ತಿರದ ಮಲವಗೊಪ್ಪ ದಾಟಿದರೂ ತೀರ್ಮಾನವಾಗಿರಲಿಲ್ಲ.

ಹೆಂಗಸರ ವಾರ್ಡಿನ ಹೊರಗೆ, ಗೋಡೆಗೆ ಒರಗಿಸಿದ ಬೆಂಚಿನ ಮೇಲೆ ಕವನ ಕೂತಿದ್ದಳು. ಮೇಷ್ಟರನ್ನು ಕಂಡು ತರಗತಿಯಲ್ಲಿ ನಿಲ್ಲುವಂತೆ ಎದ್ದು ನಿಂತಳು. ಕೆನ್ನೆ ಒಳಕ್ಕೆ ಹೋಗಿತ್ತು. ಅವರು, ಅಮ್ಮ ಹೇಗಿದ್ದಾರೆ ಎಂದರು. ಇಲ್ಲದ ಬೆರಳು ನೋಯುತ್ತದೆ ಅಂತ ಅಳುತ್ತಾಳೆ ಎಂದು ಹುಡುಗಿ ಹೇಳಿದಳು. ಆಮೇಲೆ ಬಹಳ ದಿನದಿಂದ ಕೇಳಬೇಕೆಂದು ಕಾದುಕೊಂಡಿದ್ದವಳಂತೆ ಒಂದೇ ಉಸಿರಿಗೆ ಕೇಳಿದಳು.

“ಸರ್, ನಾನು ಎಲ್ಲಿ ತಪ್ಪು ಮಾಡ್ದೆ? ಹಗ್ಗದಿಂದ್ಲೇ ಕೈ ಹೋಯ್ತು ಅಂತಾರೆ ಡಾಕ್ಟ್ರು. ಆದ್ರೆ ನನ್ ಉತ್ತರ ಸರಿ ಇತ್ತಲ್ವಾ ಸರ್, ನೀವು ಮಾರ್ಕ್ಸ್ ಕೊಟ್ಟಿದ್ರಿ. ನಾನು ಕಟ್ಟಿದ್ ಜಾಗ ತಪ್ಪಾಯ್ತಾ? ಮೊಣಕೈ ಮೇಲೆ ಕಟ್ಬೇಕಿತ್ತಾ?”

ಅವಳ ಮುಖದಲ್ಲಿ ದೂರು ಎಂಬುದು ಎಳ್ಳಷ್ಟೂ ಇರಲಿಲ್ಲ. ತಾನು ಪಾಠ ಸರಿಯಾಗಿಯೇ ಕಲಿತೆ, ಮಾಡುವಾಗ ಎಡವಿದೆ ಎಂದು ಆ ಮಗು ನಂಬಿತ್ತು. ಹೂಂ, ಸ್ವಲ್ಪ ಮೇಲೆ ಕಟ್ಟಬೇಕಿತ್ತಮ್ಮ ಎಂದರೆ ಮುಗಿಯುತ್ತಿತ್ತು. ಮೇಷ್ಟರ ಮಾನ ಉಳಿಯುತ್ತಿತ್ತು, ಹುಡುಗಿ ತಲೆಯಾಡಿಸಿ ಆ ತಪ್ಪನ್ನು ಬದುಕಿಡೀ ತಾನೊಬ್ಬಳೇ ಹೊರುತ್ತಿದ್ದಳು. ಆ ಮಾತು ಅವರ ನಾಲಗೆಯ ತುದಿಯವರೆಗೂ ಬಂದಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅದು ನಾಲಗೆ ದಾಟಲಿಲ್ಲ ಎನ್ನುವುದೊಂದೇ ಅವರ ಪರವಾಗಿ ಹೇಳಬಹುದಾದದ್ದು.

“ನಿಮ್ಮಪ್ಪ ಎಲ್ಲಿದ್ದಾರೆ?” ಎಂದರು.

ಪುಟ್ಟಪ್ಪ ಒಳಗೆ ಹೆಂಡತಿಯ ಹಾಸಿಗೆಯ ಕಾಲ್ದೆಸೆಯಲ್ಲಿ ನಿಂತಿದ್ದ. ಹುಲಿಗೆಮ್ಮ ಬ್ಯಾಂಡೇಜು ಸುತ್ತಿದ ಮೋಟುಗೈಯನ್ನು ದಿಂಬಿನ ಮೇಲೆ ಇಟ್ಟುಕೊಂಡು ಮಲಗಿದ್ದಳು. ಶಾಲೆಯ ಮೇಷ್ಟರು ಇಷ್ಟು ದೂರ ಬಂದರಲ್ಲ ಎಂದು ಪುಟ್ಟಪ್ಪ ಸ್ಟೂಲು ಎಳೆದು ಧೂಳು ಕೊಡವಿದ. ಗಂಗಾಧರಪ್ಪ ಕೂರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕವನಳನ್ನೂ ಹತ್ತಿರ ಕರೆದರು.

ಆಮೇಲೆ ಎಲ್ಲವನ್ನೂ ಹೇಳಿದರು. ಪ್ರಶ್ನೆ ಕೇಳಿದ್ದು ನಾನು. ಹುಡುಗಿ ಬರೆದದ್ದು ಪೂರ್ತಿ ತಪ್ಪಾಗಿತ್ತು. ಹಗ್ಗ ಕಟ್ಟಲೇಬಾರದು, ಕೈ ಅಲುಗಾಡಿಸದೆ ನೇರ ಆಸ್ಪತ್ರೆಗೆ ಒಯ್ಯಬೇಕು ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೂ ತಿದ್ದಲಿಲ್ಲ. ಕೊನೆಯ ಸಾಲು ಓದಿ ನಗು ಬಂತು, ನಗಿಸಿದ್ದಕ್ಕೆ ಒಂದು ಅಂಕ ಕೊಟ್ಟೆ. ಫೋಟೊ ತೆಗೆದು ಬೇರೆ ಮೇಷ್ಟರುಗಳಿಗೂ ಕಳಿಸಿದೆ, ಅವರೂ ನಕ್ಕರು. ಮಗಳು ಮಾಡಿದ್ದು, ಮೇಷ್ಟರು ಸರಿ ಎಂದು ಗುರುತು ಹಾಕಿದ್ದನ್ನು. ಅವಳ ತಪ್ಪು ಇದರಲ್ಲಿ ಏನೂ ಇಲ್ಲ, ನನ್ನದು.

ಪಕ್ಕದ ಹಾಸಿಗೆಯವರು ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಪುಟ್ಟಪ್ಪ ಹೊಡೆಯುತ್ತಾನೆ ಎಂದೇ ಗಂಗಾಧರಪ್ಪ ಎಣಿಸಿದ್ದರು. ಹೊಡೆದಿದ್ದರೆ ಹಗುರವಾಗುತ್ತಿತ್ತೇನೋ. ಅವನು ಕೈ ಎತ್ತಲಿಲ್ಲ, ಬಯ್ಯಲಿಲ್ಲ. ಮೇಷ್ಟರಿಗೆ ಬೆನ್ನು ಹಾಕಿ ಮಗಳ ಕಡೆ ತಿರುಗಿದ.

“ಊಟ ಮಾಡಿದ್ಯೇನವ್ವ?” ಎಂದ.

ಕವನ ಇಲ್ಲವೆಂದು ತಲೆಯಾಡಿಸಿದಳು. ಹನ್ನೆರಡು ದಿನದಿಂದ ತಡೆದಿಟ್ಟ ಅಳು ಕಟ್ಟೆಯೊಡೆದು ಬಂತು. ಹುಲಿಗೆಮ್ಮ ಉಳಿದ ಎಡಗೈಯಿಂದ ಮಗಳ ಲಂಗದ ಅಂಚು ಹಿಡಿದು ಹತ್ತಿರ ಎಳೆದುಕೊಂಡಳು. ಪುಟ್ಟಪ್ಪ ಕೆಳಗೆ ಹೋಗಿ ಚಿತ್ರಾನ್ನದ ಪೊಟ್ಟಣ ತಂದು ಬಿಚ್ಚಿ ಅವಳ ಮುಂದಿಟ್ಟ. ಅವಳು ಅಳುತ್ತಲೇ ತಿಂದಳು. ಗಂಗಾಧರಪ್ಪನವರನ್ನು ಯಾರೂ ಕೂರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ಅವರು ಕಂಬದ ಪಕ್ಕ ನಿಂತೇ ಇದ್ದರು. ಕೊನೆಗೆ, ಸೋಮವಾರದಿಂದ ಶಾಲೆಗೆ ಕಳಿಸಿ ಎಂದು ಪುಟ್ಟಪ್ಪನಿಗೆ ಕೇಳಿಸುವಂತೆ ಹೇಳಿದರು. ಅವನು ತಿರುಗದೆಯೇ ಹೇಳಿದ.

“ಅವಳು ಬತ್ತಾಳೆ ಅಂದ್ರೆ ಕಳುಸ್ತೀನಿ ಮೇಷ್ಟ್ರೇ. ನೀವು ಕರ್ದ್ರಿ ಅಂತಲ್ಲ.”

ಅಷ್ಟು ಸಾಕಿತ್ತು. ಅದಕ್ಕಿಂತ ಹೆಚ್ಚು ಕೇಳುವ ಯೋಗ್ಯತೆ ತನಗಿಲ್ಲ ಎಂದು ಗಂಗಾಧರಪ್ಪ ಕೈಮುಗಿದು ಹೊರಬಂದರು. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಹಿಂದೆ ಹೆಜ್ಜೆ ಸಪ್ಪಳವಾಯಿತು. ಕವನ ಕೈತೊಳೆದು ಬಂದಿದ್ದಳು. ದೊಡ್ಡವರು ಹೊರಟಾಗ ಬಾಗಿಲವರೆಗೆ ಬರಬೇಕು ಎಂದು ಯಾರು ಕಲಿಸಿದ್ದರೋ, ಈ ಮೇಷ್ಟರಿಗೂ ಅದನ್ನು ತಪ್ಪಿಸಲಿಲ್ಲ.

“ಸರ್, ಆ ಫೋಟೊ ನೋಡಿ ನಕ್ಕೋರೆಲ್ಲಾ ಮೇಷ್ಟ್ರುಗಳೇನಾ?” ಎಂದು ಕೇಳಿದಳು.

“ಹೌದಮ್ಮ. ಎಲ್ಲಾ ಟೀಚರ್‌ಗಳೇ.”

“ಸುಮಾರು ಜನನಾ?”

“ನೂರರ ಮೇಲಿದ್ದಾರೆ.”

“ಅವ್ರಿಗೆಲ್ಲಾ ಸರಿ ಉತ್ತರ ಗೊತ್ತಿತ್ತಾ?”

ಗಂಗಾಧರಪ್ಪ ಮೆಟ್ಟಿಲ ಕಂಬಿ ಹಿಡಿದುಕೊಂಡರು. ಗೊತ್ತಿತ್ತು ಎಂದರು.

ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಬಿಡಿಸುವಾಗ ಎಲ್ಲೋ ತಾಳೆಯಾಗದ್ದು ಕಂಡಾಗಿನ ಗೊಂದಲವಷ್ಟೇ ಇತ್ತು.

“ಯಾರಾದ್ರೂ ಒಬ್ರು ಹೇಳ್ಬೋದಿತ್ತಲ್ವಾ ಸರ್,” ಎಂದಳು. ಒಳಗಿನಿಂದ ತಾಯಿ ನೀರು ಕೇಳಿದ್ದು ಕೇಳಿಸಿ, ಅವರ ಉತ್ತರಕ್ಕೆ ಕಾಯದೆ ವಾರ್ಡಿನ ಕಡೆ ನಡೆದಳು.