ಮಗಳ ಕಿವಿಗೊಂದು ಬೇರೆ ಖಾತೆ

ಬೆತ್ತದ ಕುರ್ಚಿ ಹೆಣೆಯುವ ಗಂಡ ಹೆಂಡತಿ ಆವತ್ತು ಮಗಳನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೊರಟಿದ್ದರು. ಮಗಳಿಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಶ್ರವಣಯಂತ್ರಕ್ಕೆಂದು ಕೂಡಿಟ್ಟ ದುಡ್ಡು ಹೆಂಡತಿಯ ಮೊಬೈಲ್ ವಾಲೆಟ್‌ನಲ್ಲಿತ್ತು; ಗಂಡನೂ ಕೆಲಸದ ಖರ್ಚನ್ನು ಅದರಿಂದಲೇ ಮಾಡುತ್ತಿದ್ದ. ದೂರದೇಶದ ಗಿರಾಕಿಗಳು ಕುರ್ಚಿಯ ಬೆಲೆಯನ್ನು ಡಿಜಿಟಲ್ ನಾಣ್ಯದಲ್ಲಿ ಕಳಿಸುತ್ತಿದ್ದರು. ಯಾರು ಯಾರಿಗೆ ಎಷ್ಟು ಕೊಟ್ಟರು ಅನ್ನುವುದು ಹೊರಗಿನವರಿಗೆ ಕಾಣದಂಥ ನಾಣ್ಯ ಅದು.

ಹೆಂಡತಿ ವಾಲೆಟ್ ತೆರೆದು ನೋಡಿದರೆ ಬರೀ ಚಿಲ್ಲರೆ ಉಳಿದಿತ್ತು.

"ರೀ, ದುಡ್ಡೆಲ್ಲಿ?"

"ಬೆತ್ತ ತರಿಸಿದೆನಲ್ಲೇ! ಅಷ್ಟೊಂದು ಇತ್ತು. ಕಿವಿದು ಬೇರೆ ಕಡೆ ಇಟ್ಟಿದೀಯ ಅಂದ್ಕೊಂಡೆ."

"ಬೇರೆ ಎಲ್ಲಿಡಲಿ? ಇರೋದೇ ಇದೊಂದು!"

ಮಗಳು ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು. "ಇವತ್ತು ಬೇಡ ಕಂದಾ" ಅನ್ನುವುದನ್ನೂ ತಾಯಿ ಕೂಗಿ ಹೇಳಬೇಕಾಯಿತು.

ಗಲಾಟೆ ಕೇಳಿ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಅಕ್ಕ ಬಂದಳು. ವಾಲೆಟ್ ನೋಡಿ ಹಣೆ ಚಚ್ಚಿಕೊಂಡಳು.

"ಸಕ್ಕರೆ, ಉಪ್ಪು, ಸೋಪಿನ ಪುಡಿ ಎಲ್ಲಾ ಒಂದೇ ಡಬ್ಬಕ್ಕೆ ಸುರೀತೀಯೇನಮ್ಮ? ಇದೇ ವಾಲೆಟ್ ಒಳಗೆ ಬೇರೆ ಬೇರೆ ಖಾತೆ ಮಾಡ್ಬಹುದು. ಕೆಲಸಕ್ಕೊಂದು, ಮನೆಗೊಂದು, ಮಗಳ ಕಿವಿಗೊಂದು."

ಗಂಡ ಮೂಗು ಮುರಿದ. "ಒಂದೇ ಜೇಬಿನ ದುಡ್ಡಿಗೆ ಮೂರು ಗೋಡೆ ಯಾಕಕ್ಕಾ? ಅಲ್ದೆ ಈ ಗುಟ್ಟಿನ ನಾಣ್ಯ ಕಳ್ಳರಿಗೇ ಸರಿ ಅಂತಾರಪ್ಪ."

"ಕಿಟಕಿಗೆ ಪರದೆ ಹಾಕ್ದೋರೆಲ್ಲ ಕಳ್ಳರೇನೋ? ತೆರಿಗೆ ಲೆಕ್ಕ ನೆಟ್ಟಗಿರಲಿ, ಸಾಕು. ಪರದೆ ಬೀದಿಯವರಿಗೆ. ನೀವಿಬ್ರೇ ಒಬ್ಬರಿಗೊಬ್ರು ಪರದೆ ಹಾಕ್ಕೊಂಡಿದೀರಲ್ಲ!"

ಹೆಂಡತಿಗೆ ಅಳುವಿನ ನಡುವೆಯೂ ನಗು ಬಂತು.

"ಇನ್ನೊಂದು ಮಾತು," ಅಂದಳು ಅಕ್ಕ. "ದುಡ್ಡು ಕಳಿಸೋಕೆ ಎಲ್ಲ ಗಿರಾಕಿಗೂ ವಾಲೆಟ್‌ನ ಒಂದೇ ವಿಳಾಸ ಕೊಡ್ತಿದೀಯ. ಗಿರಾಕಿಗೊಂದು ಹೊಸ ವಿಳಾಸ ಮಾಡಿ ಹೆಸರು ಬರೆದಿಡು. ದುಡ್ಡು ಯಾರಿಂದ ಬಂತು ಅಂತ ನಿನಗೆ ತಿಳಿಯುತ್ತೆ, ಇಬ್ಬರು ಗಿರಾಕಿಗಳು ವಿಳಾಸ ತಾಳೆ ನೋಡಿದ್ರೂ ಎರಡೂ ನಿನ್ನದೇ ಅಂತ ಗೊತ್ತಾಗೋದಿಲ್ಲ."

"ಮೊಬೈಲೇ ಕಳೆದುಹೋದ್ರೆ?" ಹೆಂಡತಿ ಕೇಳಿದಳು.

"ವಾಲೆಟ್ ಮಾಡಿದಾಗ ಕೊಟ್ಟ ಗುಟ್ಟಿನ ಪದಗಳಿದ್ರೆ ದುಡ್ಡು ವಾಪಸ್ ಸಿಗುತ್ತೆ. ಖಾತೆಗೆ, ವಿಳಾಸಕ್ಕೆ ನೀನಿಟ್ಟ ಹೆಸರುಗಳು ಸಿಗದೇ ಹೋಗ್ಬಹುದು, ಅವನ್ನ ಬೇರೆ ಬರ್ಕೋ. ಆ ಪದಗಳನ್ನ ಮಾತ್ರ ಯಾರಿಗೂ ಹೇಳ್ಬೇಡ. ನನಗೂ!"

ಬೆತ್ತವಂತೂ ಬಂದಾಗಿತ್ತು. ಇಬ್ಬರೂ ಟೊಂಕ ಕಟ್ಟಿ ಕೂತು ಕುರ್ಚಿ ಹೆಣೆದು ಕಳಿಸಿದರು. ದುಡ್ಡು ಬಂದ ದಿನ ಹೆಂಡತಿ ಅಕ್ಕ ಹೇಳಿದಂತೆ ಮೂರು ಖಾತೆ ಮಾಡಿ, ಬಂದದ್ದರಲ್ಲಿ ಒಂದು ಪಾಲನ್ನು 'ಕಿವಿ' ಖಾತೆಗೆ ಹಾಕಿದಳು. ಹಾಕಲು ಚೂರು ಶುಲ್ಕ ಹಿಡಿಯಿತು. ಗಂಡ ಗೊಣಗಿದ.

ಒಂದು ದಿನ ಅವನಿಗೆ ವಾರ್ನಿಶ್ ಬೇಕಾಯಿತು. ಕೆಲಸದ ಖಾತೆಯಲ್ಲಿ ಸಾಕಷ್ಟಿರಲಿಲ್ಲ. ಬೆರಳು ಪಕ್ಕದ ಖಾತೆಗೆ ಸರಿಯಿತು. 'ಕಿವಿ' ಅಂತ ಬರೆದದ್ದು ಕಾಣಿಸಿತು. ಬೆರಳು ಅಲ್ಲೇ ನಿಂತಿತು. ಅವನು ಅಂಗಡಿಗೆ ಫೋನ್ ಮಾಡಿದ: "ವಾರ್ನಿಶ್ ಮುಂದಿನ ವಾರ ತಗೊಳ್ತೀನಿ, ಅಣ್ಣಾ."

ಕೊನೆಗೆ 'ಕಿವಿ' ಖಾತೆ ತುಂಬಿತು. "ಈ ನಾಣ್ಯದ ಬೆಲೆ ಇವತ್ತು ಏರುತ್ತೆ, ನಾಳೆ ಇಳಿಯುತ್ತೆ, ಕಾಯ್ಬೇಡಿ" ಅಂತ ಅಕ್ಕ ಎಚ್ಚರಿಸಿದ್ದಳು. ಹಾಗಾಗಿ ಅದೇ ದಿನ ನಗದು ಮಾಡಿಸಿ ಯಂತ್ರ ಕೊಂಡರು.

ಯಂತ್ರ ಹಾಕಿಕೊಂಡು ಮನೆಗೆ ಬಂದ ಮಗಳು, ಅಪ್ಪ ನೀರಲ್ಲಿ ನೆನೆಸಿದ ಬೆತ್ತ ಎಳೆದು ಬಿಗಿಯುವಾಗ ಹತ್ತಿರ ಬಂದು ಬಗ್ಗಿದಳು.

"ಅಪ್ಪಾ, ಇದು ಕಿರುಗುಟ್ಟುತ್ತೆ! ಯಾವಾಗ್ಲೂ ಹೀಗೇನಾ?"

"ಯಾವಾಗ್ಲೂ ಹೀಗೇ, ಕಂದಾ." ಅವನು ಇನ್ನೊಮ್ಮೆ ಎಳೆದ, ಅವಳಿಗೋಸ್ಕರ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ವಾಲೆಟ್ಟನ್ನೂ ಇವತ್ತೇ ತೆರೆದು ನೋಡಿ. ಯಾವುದಕ್ಕೆ ಕೂಡಿಡುತ್ತಿದ್ದೀರೋ ಅದರ ಹೆಸರಿನಲ್ಲೇ ಒಂದು ಖಾತೆ ಮಾಡಿ. ಹೊರಗಿನವರಿಗೆ ಗುಟ್ಟಾಗಿರಲಿ, ಮನೆಯವರಿಗೆ ಗೊತ್ತಿರಲಿ.