ಡೌಟ್ ಎಂದರೆ ಸಂಶಯವೇ?

ಕೇಳಿದ್ದಕ್ಕೆ ಉತ್ತರ ಕೊಡದವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಫೋರ್ಟ್ ಏರಿಯಾದ ಬ್ಯಾಂಕೊಂದರಲ್ಲಿ ಮೂವತ್ತೆರಡು ವರ್ಷ ಜನರ ಅರ್ಜಿ ಓದಿ ಅಂಟಿಸಿಕೊಂಡ ಕಾಯಿಲೆ ಇದು. ಹೊಸ ವಿಳಾಸ ಏನು ಎಂದರೆ ಹಳೇ ಮನೆ ಬಿಟ್ಟ ಕಥೆ ಬರೆಯುತ್ತಿದ್ದರು. ಮನೆಯಲ್ಲೂ ಅದೇ ಪಾಡು. ನಮ್ಮ ಯಜಮಾನರು ರಾಮಸ್ವಾಮಿಯವರನ್ನು "ಹಾಲು ಬಂತಾ?" ಎಂದು ಕೇಳಿ ನೋಡಿ, "ಆ ಹಾಲಿನ ಭೈಯಾಗೆ ಟೈಮ್ ಸೆನ್ಸೇ ಇಲ್ಲ" ಅನ್ನುತ್ತಾರೆ. ಹಾಲು ಬಂದಿದೆಯೋ ಇಲ್ಲವೋ ನಾನೇ ಎದ್ದು ಹೋಗಿ ನೋಡಬೇಕು.

ಈ ನನ್ನ ಸ್ವಭಾವ ಗೊತ್ತಿಲ್ಲದೆ ಅಣವೀರಪ್ಪ ಮಗಳನ್ನು ನನ್ನ ಹತ್ತಿರ ಕಳಿಸಿದ. ಆಂಟಾಪ್ ಹಿಲ್‌ನ ನಮ್ಮ ಫ್ಲ್ಯಾಟಿನ ಬಚ್ಚಲಿಗೆ ಟೈಲ್ಸ್ ಹಾಕಲು ಬಂದಿದ್ದವನು ಅವನು, ವಿಜಯಪುರದ ಕಡೆಯವನು. "ಅಮ್ಮಾರ, ನಮ್ ಹುಡುಗಿ ಒಂದು ಫಾರಂ ತುಂಬಾಕತ್ತಾಳ್ರೀ. ಇಂಗ್ಲಿಷಿಂದು. ನೀವೊಂದೀಟು ನೋಡ್ರಲ್ಲ" ಎಂದ. ನೋಡುತ್ತೇನೆ ಎಂದೆ.

ಹುಡುಗಿಯ ಹೆಸರು ದಾನೇಶ್ವರಿ. ಹನ್ನೆರಡನೇ ಕ್ಲಾಸ್ ಮುಗಿಸಿದ್ದಳು. ಬಾಂದ್ರಾದ ಒಂದು ಟ್ರಸ್ಟ್ ಪ್ರತಿವರ್ಷ ಹತ್ತು ಮಕ್ಕಳಿಗೆ ಬಿ.ಎಸ್ಸಿ.ಯ ಮೂರೂ ವರ್ಷದ ಖರ್ಚು ಕೊಡುತ್ತದಂತೆ. ಅದು ಸಿಕ್ಕರೆ ಕಾಲೇಜು. ಸಿಗದಿದ್ದರೆ ಮುಂದಿನ ತಿಂಗಳಿಂದ ಸಾಯನ್‌ನ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ಲು ಬರೆಯುವ ಕೆಲಸ, ಮಾತೂ ಆಗಿಹೋಗಿತ್ತು. ಎಲ್ಲವೂ ಒಂದು ಪುಟದ ಪ್ರಬಂಧದ ಮೇಲೆ ನಿಂತಿತ್ತು. ಪ್ರಶ್ನೆ ಹೀಗಿತ್ತು: ನಿಮಗೆ ಬಂದ ಒಂದು ಡೌಟ್ ಬಗ್ಗೆ ಬರೆಯಿರಿ.

ಅವಳು ಬರೆದು ತಂದದ್ದು: ನಾನು ಬಡ ಆದರೆ ಪ್ರಾಮಾಣಿಕ ಕುಟುಂಬದಲ್ಲಿ ಹುಟ್ಟಿದೆ, ನನ್ನ ತಂದೆ ಬಿಸಿಲಲ್ಲಿ ದುಡಿಯುತ್ತಾರೆ, ನನ್ನ ತಾಯಿ ನಾಲ್ಕು ಮನೆಯ ಪಾತ್ರೆ ತೊಳೆಯುತ್ತಾರೆ.

"ಏನೇ ಇದು? ಕೇಳಿದ್ದೇನು, ನೀನು ಹೇಳಿದ್ದೇನು?"

"ಕ್ಲಾಸಿನ ಸರ್ ಹಿಂಗ ಬರಿ ಅಂದ್ರು ಆಂಟಿ. ಓದಿದವ್ರಿಗೆ ಕಣ್ಣಾಗ ನೀರ್ ಬರ್ಬೇಕಂತ. ಮತಲಬ್, ಎಲ್ಲಾರೂ ಹಿಂಗಽ ಬರೀತಾರ್ರೀ."

"ಅವರು ಡೌಟ್ ಕೇಳಿದ್ದಾರೆ. ನಿಮ್ಮಪ್ಪನ ವಿಷಯ ಕೇಳಿಲ್ಲ. ಹೋಗು, ಮತ್ತೆ ಬರಿ."

ಎರಡು ದಿನ ಬಿಟ್ಟು ಬಂದಳು. ಈ ಸಲದ್ದು ಬೇರೆಯೇ ಇತ್ತು. ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಅಪ್ಪನ ಜೊತೆ ಕೆಲಸದ ಜಾಗಕ್ಕೆ ಹೋಗಿದ್ದಳಂತೆ. ಹೊಸ ಟೈಲ್ಸ್ ಮೇಲೆ ಕಾಲಿಟ್ಟರೆ ತಣ್ಣಗೆ, ಪಕ್ಕದಲ್ಲಿ ಮಲಗಿಸಿಟ್ಟ ಮರದ ಬಾಗಿಲ ಮೇಲೆ ಕಾಲಿಟ್ಟರೆ ಬೆಚ್ಚಗೆ. ಎರಡೂ ಒಂದೇ ಕೋಣೆಯಲ್ಲಿ ಒಂದು ವಾರದಿಂದ ಬಿದ್ದಿವೆ, ಮತ್ತೆ ಯಾಕೆ ಹೀಗೆ? ಕ್ಲಾಸಿನಲ್ಲಿ ಟೀಚರ್ "ಎನಿ ಡೌಟ್ಸ್?" ಎಂದಾಗ ಎದ್ದುನಿಂತು ಕೇಳಿದಳು. ಪರೀಕ್ಷೆಗೆ ಬರುವುದಿಲ್ಲ, ಕೂತ್ಕೋ ಎಂದರು. ಇವಳು ಶಾಲೆಯ ಲ್ಯಾಬಿನಿಂದ ಥರ್ಮಾಮೀಟರ್ ಕೇಳಿ ತಂದು ಎರಡನ್ನೂ ಅಳೆದಳು. ಒಂದೇ ಅಂಕಿ. ಮೂರು ವರ್ಷ ಅದನ್ನು ತಲೆಯಲ್ಲಿ ಇಟ್ಟುಕೊಂಡು ತಿರುಗಿದಳು. ಹನ್ನೊಂದನೇ ಕ್ಲಾಸಿನ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು: ಟೈಲ್ಸು ಕಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ. ಕೊನೆಗೆ ಬರೆದಿದ್ದಳು: ನಾನು ಇಷ್ಟು ದಿನ ಟೈಲ್ಸಿನ ತಂಪು ಅಂದುಕೊಂಡದ್ದು ನನ್ನ ಕಾಲಿನ ಬಿಸಿ ಹೊರಟುಹೋಗುತ್ತಿದ್ದದ್ದು.

ನಾನು ಕನ್ನಡಕ ತೆಗೆದಿಟ್ಟೆ. ನಿಜ ಹೇಳಬೇಕೆಂದರೆ, ಎದ್ದು ಬಚ್ಚಲಿಗೆ ಹೋಗಿ ಒಂದು ಕಾಲನ್ನು ಟೈಲ್ಸ್ ಮೇಲೆ, ಇನ್ನೊಂದನ್ನು ಮರದ ಮಣೆಯ ಮೇಲೆ ಇಟ್ಟು ನಿಂತೆ. ಅರವತ್ತೈದು ವರ್ಷ ನೆಲದ ಮೇಲೆ ಓಡಾಡಿದ್ದೇನೆ, ಒಂದು ದಿನವೂ ಈ ಪ್ರಶ್ನೆ ಹೊಳೆದಿರಲಿಲ್ಲ. "ಅಲ್ಲೇನು ಮಾಡ್ತಿದ್ದೀಯ?" ಎಂದರು ರಾಮಸ್ವಾಮಿಯವರು. ಏನಿಲ್ಲ ಎಂದೆ.

ಆದರೆ ಹೊರಗೆ ಬಂದು ಕೂತ ಕೂಡಲೇ ನನ್ನೊಳಗಿನ ಬ್ಯಾಂಕಿನವಳು ಎದ್ದಳು. "ಚೆನ್ನಾಗಿದೆ ಕಣೆ, ಆದರೆ ಇದು ಡೌಟ್ ಅಲ್ಲ. ನಾವು ಕ್ಲಾಸಿನಲ್ಲಿ ಪ್ರಶ್ನೆಗೆ ಡೌಟ್ ಅಂತೀವಿ. ಇಂಗ್ಲಿಷಿನಲ್ಲಿ ಡೌಟ್ ಅಂದರೆ ಸಂಶಯ. ನಂಬಿದ್ದರ ಮೇಲೆ ನಂಬಿಕೆ ಹೋಗುವುದು" ಎಂದು ಡಿಕ್ಷನರಿ ತೆಗೆದು ತೋರಿಸಿದೆ.

ಅವಳ ಮುಖ ಸಣ್ಣದಾಯಿತು. "ಹಂಗಾದ್ರ ಮತ್ತ್ ಬರೀತೀನ್ರಿ" ಎಂದು ಹೋದಳು.

ಕೊನೆಯ ದಿನ ಬೆಳಿಗ್ಗೆ ಮೂರನೆಯದು ಬಂತು. ದೇವರಿದ್ದಾನೋ ಇಲ್ಲವೋ ಎಂಬ ಸಂಶಯ. ಒಂದು ತಪ್ಪಿಲ್ಲ, ಒಂದು ಜೀವವಿಲ್ಲ. ಡಿಕ್ಷನರಿಗೆ ಮಾತ್ರ ಸರಿಯಾಗಿ ಕೂತಿತ್ತು. ಟೈಲ್ಸಿನದು, ಇದು, ಎರಡೂ ಪ್ರಬಂಧ ಅವಳ ಫೋನಿನಲ್ಲಿದ್ದವು. ಮಧ್ಯಾಹ್ನದೊಳಗೆ ಒಂದನ್ನು ಕಳಿಸಬೇಕಿತ್ತು.

"ಇದನ್ನೇ ಕಳಿಸು" ಎಂದೆ.

"ಆಂಟಿ, ಒಂದು ಕೇಳ್ಲೇನ್ರಿ? ಎರಡರಾಗ ನಿಮಗ ಯಾವ್ದು ಛಲೋ ಅನ್ನಿಸ್ತು?"

"ನೋಡು, ಆ ಪದಕ್ಕೆ ಎರಡು ಅರ್ಥ ಇದೆ. ಓದುವವರು ಬಹಳ ಓದಿದವರಾಗಿರ್ತಾರೆ, ಅವರು..."

"ನಾ ಕೇಳಿದ್ದು ಅದಲ್ರೀ."

ಮೆಲ್ಲಗೇ ಹೇಳಿದಳು. ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಊರಿಗೆಲ್ಲ ನಾನು ಬೈಯುವ ಬೈಗುಳ ಅದು. ಅವಳು ಫೋನು ನನ್ನ ಕಡೆ ತಿರುಗಿಸಿದಳು.

"ಕೆಳಗ ಇನ್ನೊಂದ್ ಲೈನ್ ಐತ್ರಿ. ಆ ಡೌಟಿಗೆ ನೀವು ಏನ್ ಮಾಡಿದ್ರಿ ಅಂತ. ಈ ದೇವ್ರ ಡೌಟಿಗೆ ನಾ ಏನೂ ಮಾಡಿಲ್ರಿ. ಸುಳ್ಳ ಬರ್ದೀನಿ. ಅದು ನಂದಽ ಅಲ್ಲ."

ಹೌದು, ಇತ್ತು ಆ ಸಾಲು. ಸಣ್ಣ ಅಕ್ಷರದಲ್ಲಿ, ಪ್ರಶ್ನೆಯ ಕೆಳಗೇ ಇತ್ತು. ಮೂರು ಸಲ ಓದಿದ ನಾನು ಪ್ರತಿಸಲವೂ ಡೌಟ್ ಎಂಬ ಪದದಲ್ಲೇ ನಿಂತುಬಿಟ್ಟಿದ್ದೆ. ಪೂರ್ತಿ ಪ್ರಶ್ನೆ ಓದಿದ್ದು ಈ ಹುಡುಗಿಯೊಬ್ಬಳೇ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಟೀಚರಂತೆ ನಾನೂ ಇವಳಿಗೆ ಕೂತ್ಕೋ ಎಂದುಬಿಟ್ಟೆನಲ್ಲ ಎಂದು ಸಂಕಟವಾಯಿತು.

"ಟೈಲ್ಸಿಂದು" ಎಂದೆ. "ನನಗೆ ಇಷ್ಟವಾದದ್ದು ಟೈಲ್ಸಿಂದು. ಓದಿದ ಮೇಲೆ ಬಚ್ಚಲಿಗೆ ಹೋಗಿ ಕಾಲಿಟ್ಟು ನೋಡಿದೆ."

"ಖರೇನ?" ಎಂದು ನಕ್ಕಳು. ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೈಲ್ಸಿನ ಪ್ರಬಂಧ ತೆರೆದು ಫಾರಂಗೆ ಹಾಕತೊಡಗಿದಳು.

ನನಗೆ ಮಾತ್ರ ಜೀವ ತಡೆಯಲಿಲ್ಲ. ಅಂಗಡಿಯ ಬಿಲ್ಲಿನ ಪುಸ್ತಕ ಕಣ್ಣ ಮುಂದೆ ಬಂತು. "ದಾನೇಶ್ವರಿ, ಅವರೂ ನನ್ನ ಹಾಗೇ ಡಿಕ್ಷನರಿ ಹಿಡಿದು ಕೂತಿದ್ದರೆ? ಇದು ಡೌಟೇ ಅಲ್ಲ ಅಂದುಬಿಟ್ಟರೆ ಏನೇ ಮಾಡ್ತೀಯ?"

"ಯಾಕಲ್ಲ ಅಂತ ಕೇಳ್ತೀನ್ರಿ" ಎಂದು ಅವಳು ಬಟನ್ ಒತ್ತಿದಳು.